ಪಾದ ಎಲ್ಲಿದೆಯೆಂದು ಮಿದುಳಿಗೆ ಗೊತ್ತಾಗಬೇಕು

ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ನಾವು ಪಾದವನ್ನು ನೋಡುವುದಿಲ್ಲ. ಅದು ಎಷ್ಟು ಬಾಗಿದೆ, ಎಲ್ಲಿದೆ ಎಂಬುದು ಮಿದುಳಿಗೆ ತಾನಾಗಿ ತಿಳಿದಿರುತ್ತದೆ. ಕಾಲು ಕತ್ತರಿಸಿದಾಗ ಈ ಅರಿವೂ ಕತ್ತರಿಸಿಹೋಗುತ್ತದೆ. ಅದಕ್ಕೇ ಕೃತಕ ಕಾಲು ತೊಟ್ಟ ಎಷ್ಟೋ ಜನ ನೆಲ ನೋಡಿಕೊಂಡೇ ಹೆಜ್ಜೆಯಿಡುತ್ತಾರೆ.

ಪಾದವನ್ನು ಆಡಿಸುವ ಸ್ನಾಯುಗಳು ಜೋಡಿಯಾಗಿ ದುಡಿಯುತ್ತವೆ. ಮೀನಖಂಡ ಬಿಗಿದರೆ ಪಾದ ಕೆಳಕ್ಕೆ, ಕಾಲಿನ ಮುಂಭಾಗದ ಸ್ನಾಯು ಬಿಗಿದರೆ ಮೇಲಕ್ಕೆ. ರಾಟೆಯ ಹಗ್ಗದ ಎರಡು ತುದಿಗೆ ಕಟ್ಟಿದ ಕೊಡಗಳಂತೆ, ಒಂದು ಕುಗ್ಗಿದರೆ ಇನ್ನೊಂದು ಹಿಗ್ಗಲೇಬೇಕು. ಆ ಹಿಗ್ಗುವಿಕೆಯನ್ನು ಸ್ನಾಯುವಿನೊಳಗಿನ ಸೂಕ್ಷ್ಮ ಸಂವೇದಕಗಳು ಮಿದುಳಿಗೆ ಮುಟ್ಟಿಸುತ್ತವೆ. ಸಾಂಪ್ರದಾಯಿಕ ಶಸ್ತ್ರಚಿಕಿತ್ಸೆಯಲ್ಲಿ ಈ ಜೋಡಿಯನ್ನು ಬೇರ್ಪಡಿಸಿ, ಮಾಂಸವನ್ನು ಮೂಳೆಯ ತುದಿಗೆ ಮೆತ್ತೆಯಂತೆ ಹೊದಿಸಿ ಹೊಲಿಯುತ್ತಾರೆ.

ಅಮೆರಿಕದ ಎಂಐಟಿಯ ಹ್ಯೂ ಹೆರ್ ಅವರ ತಂಡ ಪ್ರಶ್ನಿಸಿದ್ದು ಇದನ್ನೇ. 1982ರಲ್ಲಿ ಪರ್ವತಾರೋಹಣಕ್ಕೆ ಹೋಗಿ ಹಿಮಗಾಳಿಗೆ ಸಿಕ್ಕ ಹೆರ್, ಹದಿನೇಳರ ಹರೆಯದಲ್ಲೇ ಎರಡೂ ಮೊಣಕಾಲುಗಳ ಕೆಳಗಿನ ಭಾಗ ಕಳೆದುಕೊಂಡವರು. ಅವರ ತಂಡದ ಜೊತೆ ಸೇರಿ ಬಾಸ್ಟನ್ನಿನ ಸರ್ಜನ್ ಮ್ಯಾಥ್ಯೂ ಕಾರ್ಟಿ 2016ರಲ್ಲಿ ಹೊಸ ವಿಧಾನವೊಂದನ್ನು ಮೊದಲ ಬಾರಿಗೆ ಮಾಡಿದರು. ಎರಡು ಸ್ನಾಯುಗಳ ತುದಿಗಳನ್ನು ಒಂದಕ್ಕೊಂದು ಜೋಡಿಸಿ, ತೆಗೆದ ಕಾಲಿನ ಗಂಟಿನಿಂದಲೇ ಪಡೆದ ಅಂಗಾಂಶದ ಕಾಲುವೆಯೊಳಗೆ ಜಾರುವಂತೆ ಮೂಳೆಗೆ ಕೂರಿಸುತ್ತಾರೆ. ಇಲ್ಲದ ಪಾದವನ್ನು ಎತ್ತಬೇಕೆಂದುಕೊಂಡರೆ ಸಾಕು, ಒಂದು ಸ್ನಾಯು ಇನ್ನೊಂದನ್ನು ಎಳೆಯುತ್ತದೆ, ಸುದ್ದಿ ಮಿದುಳಿಗೆ ಹೋಗುತ್ತದೆ. ಚರ್ಮದ ಮೇಲಿನ ಎಲೆಕ್ಟ್ರೋಡುಗಳು ಅದೇ ಸ್ನಾಯುಗಳ ವಿದ್ಯುತ್ ಸಂಕೇತವನ್ನು ಓದಿ ಮೋಟಾರು ಪಾದವನ್ನು ಆಡಿಸುತ್ತವೆ.

2024ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಹದಿನಾಲ್ಕು ಮಂದಿ ಇದೇ ಬಗೆಯ ಪಾದ ತೊಟ್ಟು ನಡೆದರು. ಏಳು ಮಂದಿಗೆ ಹೊಸ ಶಸ್ತ್ರಚಿಕಿತ್ಸೆ, ಏಳು ಮಂದಿಗೆ ಹಳೆಯದು. ಹೊಸ ವಿಧಾನದವರ ಗರಿಷ್ಠ ನಡಿಗೆಯ ವೇಗ ಶೇ. 41ರಷ್ಟು ಹೆಚ್ಚಿತ್ತು. ಇಳಿಜಾರು, ಮೆಟ್ಟಿಲು, ಅಡ್ಡ ಬಂದ ವಸ್ತು ಯಾವುದಕ್ಕೂ ಅವರು ಹೆಚ್ಚು ಸಹಜವಾಗಿ ಹೊಂದಿಕೊಂಡರು. ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಬೇರೆ ಸಂಗತಿ: ಅವರ ಸ್ನಾಯುಗಳಿಂದ ಮಿದುಳಿಗೆ ಮರಳಿದ ಮಾಹಿತಿ ಸಹಜ ಕಾಲಿನದರ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಿಂದಲೇ ನಡಿಗೆ ಮರಳಿತು!

ತೊಡಕುಗಳು ಉಳಿದೇ ಇವೆ. ಕಾಲಿನ ತುದಿ ದಿನದಲ್ಲೇ ಊದುತ್ತದೆ, ಕುಗ್ಗುತ್ತದೆ. ಸಾಕೆಟ್ಟಿನೊಳಗೆ ಬೆವರಿ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಬೆವರಿಗೆ ಎಲೆಕ್ಟ್ರೋಡುಗಳ ಸಂಕೇತವೂ ಕೆಡುತ್ತದೆ. ನಮ್ಮಲ್ಲಂತೂ ಮೊದಲ ಪ್ರಶ್ನೆ ಬೆಲೆಯದು. ಐಐಟಿ ಮದ್ರಾಸ್ 2022ರಲ್ಲಿ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಜೊತೆ ಸೇರಿ ತಂದ 'ಕದಂ' ಕೃತಕ ಮಂಡಿಯ ಗುರಿಯೂ ಅದನ್ನು ತಗ್ಗಿಸುವುದೇ ಆಗಿತ್ತು. ಮೋಟಾರು ಪಾದ ಸದ್ಯಕ್ಕೆ ಬಹುಪಾಲು ಜನರ ಕೈಗೆಟುಕದು.

ಆದರೆ ಆ ಅಧ್ಯಯನದಲ್ಲಿ ಹೊಸ ಶಸ್ತ್ರಚಿಕಿತ್ಸೆಯಾದವರಿಗೆ ನೋವು ಕಡಿಮೆಯಿತ್ತು, ಸ್ನಾಯು ಸೊರಗುವುದೂ ಕಡಿಮೆಯಿತ್ತು. ಇದಕ್ಕೆ ಮೋಟಾರು ಬೇಕಿಲ್ಲ, ತರಬೇತಾದ ಸರ್ಜನ್ ಬೇಕು. ರಸ್ತೆ ಅಪಘಾತದ ಗಾಯಾಳುವಿನ ಕಾಲು ತೆಗೆಯುವುದು ಅನಿವಾರ್ಯವಾದಾಗ, ನಮ್ಮ ಆಸ್ಪತ್ರೆಗಳು ಮೊದಲು ಕಲಿಯಬೇಕಾದದ್ದು ಈ ಹೊಲಿಗೆಯನ್ನು.