ನಿಮ್ಮ ಏರಿಯಾಗೆ ‘ಮಕ್ಕಳ ಕಳ್ಳರು’ ಬಂದಿದ್ದಾರಾ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ನಮ್ಮ ಬಡಾವಣೆಗೆ ಮಕ್ಕಳ ಕಳ್ಳರ ಗ್ಯಾಂಗ್ ಬಂದಿದೆ. ಕಂಬಳಿ ಮಾರುವವರ ವೇಷದಲ್ಲಿ ಓಡಾಡುತ್ತಿದ್ದಾರೆ. ಪಕ್ಕದ ಏರಿಯಾದಲ್ಲಿ ಈಗಾಗಲೇ ಮೂರು ಮಕ್ಕಳು ಕಾಣೆಯಾಗಿದ್ದಾರೆ. ಎಲ್ಲಾ ಗ್ರೂಪಿಗೂ ಕಳಿಸಿ.”

ಇಂಥ ಮೆಸೇಜ್ ನಿಮಗೂ ಬಂದಿರಬಹುದು. ನಮ್ಮಮ್ಮನ ಅಪಾರ್ಟ್‌ಮೆಂಟ್ ಗ್ರೂಪಿಗೂ ಬಂದಿತ್ತು. “ಇದು ನಿಜಾನಾ ನೋಡೇ” ಎಂದು ಅಮ್ಮ ನನಗೆ ಕಳಿಸುವಷ್ಟರಲ್ಲಿ ಅದನ್ನು ಇನ್ನೆರಡು ಗ್ರೂಪಿಗೆ ದಾಟಿಸಿಯೂ ಆಗಿತ್ತು. ಯಾವ ಏರಿಯಾ, ಯಾವ ಠಾಣೆ, ಯಾವತ್ತು ನಡೆದದ್ದು? ಮೆಸೇಜಿನಲ್ಲಿ ಇದ್ಯಾವುದೂ ಇರಲಿಲ್ಲ.

ಕಳಿಸಿದರೆ ನಷ್ಟವೇನು, ನಾಲ್ಕು ಜನ ಎಚ್ಚರವಾಗಿರುತ್ತಾರಲ್ಲ ಎಂದು ನಿಮಗನಿಸಬಹುದು. ನಷ್ಟ ಏನೆಂದು 2018ರಲ್ಲಿ ಕರ್ನಾಟಕವೇ ಕಂಡಿದೆ.

ಕೊನೆ ಕತ್ತರಿಸಿದ ವಿಡಿಯೊ

ಆ ವರ್ಷ ದೇಶದ ಹಲವು ಭಾಗಗಳಲ್ಲಿ ಒಂದು ವಿಡಿಯೊ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದರಲ್ಲಿತ್ತು. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಜಾಹೀರಾತು. ಮೂಲ ವಿಡಿಯೊದಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಯಾರೋ ಆ ಭಾಗವನ್ನು ಕತ್ತರಿಸಿ ಹಂಚಿದ್ದರು.

ಆ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆ ಭಾಗದಲ್ಲಿ, ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪೊಂದು ಕಟ್ಟಿಹಾಕಿ ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅದೇ ಆಯಿತು. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅವರು ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿ, ಮುಂದಿನ ಊರಿನಲ್ಲಿ ಜನ ರಸ್ತೆಗೆ ಅಡ್ಡ ನಿಂತಿದ್ದರು. ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಸತ್ತ, ಉಳಿದವರು ಗಾಯಗೊಂಡರು. ಈ ಎರಡೂ ಕಡೆ ಸತ್ತವರು ಯಾವ ಮಗುವನ್ನೂ ಕದ್ದಿರಲಿಲ್ಲ.

ಮಕ್ಕಳು ಕಾಣೆಯಾಗುವುದು ಸುಳ್ಳೇ?

ಅಲ್ಲ. ಮಕ್ಕಳು ಕಾಣೆಯಾಗುತ್ತಾರೆ, ಅಪಹರಣ ಮತ್ತು ಮಾನವ ಕಳ್ಳಸಾಗಣೆಯೂ ನಡೆಯುತ್ತವೆ. ಆದರೆ ‘ಇಷ್ಟು ಸಾವಿರ ಮಕ್ಕಳ ಅಪಹರಣ’ ಎಂಬ ಅಂಕಿ ಕಂಡಾಗ ಒಂದು ವಿಷಯ ನೆನಪಿರಲಿ. ಮಗು ಕಾಣೆಯಾದ ದೂರು ಬಂದರೆ ಅದನ್ನು ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ಪೊಲೀಸರು ತಡಮಾಡದೆ ಹುಡುಕಲಿ ಎಂಬುದು ಇದರ ಉದ್ದೇಶ. ಹಾಗಾಗಿ ಪರೀಕ್ಷೆಯ ಭಯಕ್ಕೆ ಮನೆ ಬಿಟ್ಟ ಹುಡುಗ, ಪ್ರೀತಿಸಿ ಓಡಿಹೋದ ಹದಿನೇಳರ ಹುಡುಗಿ, ದಾರಿ ತಪ್ಪಿದ ಮಗು, ಎಲ್ಲರ ಪ್ರಕರಣವೂ ಅದೇ ಲೆಕ್ಕಕ್ಕೆ ಸೇರಬಹುದು.

‘ನಮ್ಮ ಏರಿಯಾದಲ್ಲಿ ಕ್ರೈಂ ಡಬಲ್ ಆಗಿದೆ’

ಇದು ಇನ್ನೊಂದು ಜನಪ್ರಿಯ ಫಾರ್ವರ್ಡ್. ಒಂದು ಬಡಾವಣೆಯಲ್ಲಿ ಹೋದ ವರ್ಷ ಎರಡು ಮನೆಗಳ್ಳತನ, ಈ ವರ್ಷ ನಾಲ್ಕು ನಡೆದವು ಎಂದುಕೊಳ್ಳಿ. ಡಬಲ್ ಆದದ್ದು ಹೌದು, ಆದರೆ ಇಷ್ಟು ಸಣ್ಣ ಸಂಖ್ಯೆ ಒಂದೇ ಕಳ್ಳನಿಂದಲೂ ಏರಬಹುದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ಅಪರಾಧ ಪ್ರಮಾಣವನ್ನು ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ಎಂದು ಲೆಕ್ಕ ಹಾಕುತ್ತದೆ. ಹತ್ತು ಸಾವಿರ ಜನರಿರುವ ಬಡಾವಣೆಯಲ್ಲಿ 20 ಕಳ್ಳತನ, ಮೂವತ್ತು ಸಾವಿರ ಜನರಿರುವಲ್ಲಿ 30 ಕಳ್ಳತನ ಆದರೆ, ಪ್ರಮಾಣ ಹೆಚ್ಚಿರುವುದು ಮೊದಲನೆಯದರಲ್ಲಿ.

ಇನ್ನೂ ಒಂದು ಸೂಕ್ಷ್ಮವಿದೆ. ಅಪರಾಧ ಹೆಚ್ಚುವುದು ಬೇರೆ, ದೂರು ದಾಖಲಾಗುವುದು ಹೆಚ್ಚುವುದು ಬೇರೆ ಎಂದು ಎನ್‌ಸಿಆರ್‌ಬಿ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಜನ ಧೈರ್ಯವಾಗಿ ಠಾಣೆಗೆ ಹೋಗುವ, ಪೊಲೀಸರು ದೂರು ತೆಗೆದುಕೊಳ್ಳುವ ಊರಿನ ಅಂಕಿ ದೊಡ್ಡದಾಗಿ ಕಾಣುತ್ತದೆ. ದೂರನ್ನೇ ತೆಗೆದುಕೊಳ್ಳದ ಊರು ಕಾಗದದ ಮೇಲೆ ಶಾಂತವಾಗಿರುತ್ತದೆ.

ಅಪಾಯ ಯಾವ ಕಡೆಯಿಂದ?

ಫಾರ್ವರ್ಡ್‌ಗಳು ಯಾವಾಗಲೂ ಅಪರಿಚಿತರ ಕಡೆಗೇ ಬೆರಳು ತೋರಿಸುತ್ತವೆ: ಕಂಬಳಿ ಮಾರುವವರು, ಭಿಕ್ಷೆ ಬೇಡುವವರು, ಬೇರೆ ಭಾಷೆಯವರು. ಎನ್‌ಸಿಆರ್‌ಬಿ ಅಂಕಿಗಳು ಬೇರೆಯದನ್ನೇ ಹೇಳುತ್ತವೆ. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಪ್ರಕರಣಗಳ ಆರೋಪಿ ಸಂತ್ರಸ್ತರಿಗೆ ಪರಿಚಿತನೇ: ನೆಂಟ, ನೆರೆಯವ, ಗೆಳೆಯ, ಕೆಲಸ ಕೊಟ್ಟವ. ಗೇಟಿನಾಚೆ ನಿಂತ ಅಪರಿಚಿತನನ್ನೇ ನೋಡುತ್ತಾ ಕೂತರೆ, ಗೇಟಿನೊಳಗೆ ಮಗು ಯಾರ ಮನೆಗೆ ಹೋಗಲು ಹಿಂಜರಿಯುತ್ತಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಏನು ಮಾಡಬೇಕು?

• ಮೆಸೇಜಿನಲ್ಲಿ ದಿನಾಂಕ, ಜಾಗ, ಠಾಣೆಯ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

• ಮೇಲ್ಗಡೆ ಎರಡು ಬಾಣದ ಗುರುತಿದ್ದರೆ, ಅದು ಹಲವು ಬಾರಿ ಫಾರ್ವರ್ಡ್ ಆಗಿ ಬಂದದ್ದು. ಕಳಿಸಿದವರು ನಿಮ್ಮ ಚಿಕ್ಕಪ್ಪನೇ ಆದರೂ ಬರೆದವರು ಅವರಲ್ಲ.

• ಎಫ್‌ಐಆರ್‌ಗಳನ್ನು ಪೊಲೀಸ್ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದದ್ದನ್ನು ಅಲ್ಲಿ ಹುಡುಕಬಹುದು. ಅದು ಕಷ್ಟವೆನಿಸಿದರೆ ನಿಮ್ಮ ಠಾಣೆಗೆ ಒಂದು ಫೋನ್ ಮಾಡಿ ಕೇಳಿ.

• ನಿಜವಾಗಿಯೂ ಅನುಮಾನ ಬಂದರೆ 112ಕ್ಕೆ ಕರೆ ಮಾಡಿ. ಮಗು ತೊಂದರೆಯಲ್ಲಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ. ಯಾರನ್ನೂ ಹಿಡಿದು ವಿಚಾರಿಸಬೇಡಿ, ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ. ಮುರ್ಕಿಯ ಸಾವು ಶುರುವಾದದ್ದು ಹಾಗೆಯೇ.

ಅಮ್ಮನಿಗೆ ಠಾಣೆಗೆ ಫೋನ್ ಮಾಡಲು ಹೇಳಿದೆ. ಅಂಥ ದೂರು ಯಾವುದೂ ಬಂದಿಲ್ಲ ಎಂದರಂತೆ. “ಕಳಿಸಿದ್ದು ಆಗಿಹೋಯ್ತಲ್ಲ, ಈಗೇನು ಮಾಡಲಿ?” ಎಂದು ಕೇಳಿದರು. ಆ ಎರಡು ಗ್ರೂಪಿಗೂ ಇದನ್ನೇ ಬರೆದು ಹಾಕು ಎಂದೆ. ಹಾಕಿದರು: “ನಾನು ಬೆಳಿಗ್ಗೆ ಕಳಿಸಿದ್ದು ಸುಳ್ಳು. ಠಾಣೆಗೆ ಕೇಳಿದೆ. ದಯವಿಟ್ಟು ಮುಂದೆ ಕಳಿಸಬೇಡಿ.”

ನೀವೂ ಅಂಥದ್ದನ್ನು ಕಳಿಸಿದ್ದರೆ ನಾಚಿಕೆ ಬೇಡ. ಇವತ್ತೇ ಇಂಥ ಮೂರು ಸಾಲು ಬರೆದು ಹಾಕಿ.