ಮಳೆ ಸುರಿದರೂ ಒಣವಲಯ

ಕೊಲಂಬೊದಿಂದ ಅನುರಾಧಪುರಕ್ಕೆ ಹೊರಟವರಿಗೆ ಕುರುಣೇಗಲ ದಾಟಿದ ಮೇಲೆ ನೆಲದ ಚಹರೆಯೇ ಬದಲಾಗುತ್ತದೆ. ತೆಂಗಿನ ತೋಟಗಳು ವಿರಳವಾಗಿ ಕುರುಚಲು ಕಾಡು ಶುರುವಾಗುತ್ತದೆ, ನಡುನಡುವೆ ಕೆರೆಗಳು. ಶ್ರೀಲಂಕಾದ ಸುಮಾರು ಮೂರನೇ ಎರಡು ಭಾಗಕ್ಕೆ ‘ಒಣವಲಯ’ ಎಂದೇ ಹೆಸರು. ಆದರೆ ಅದರ ಬಹುಪಾಲು ಕಡೆ ವರ್ಷಕ್ಕೆ 1000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಮ್ಮ ಕೋಲಾರದ ಸರಾಸರಿ ಅಷ್ಟಿಲ್ಲ. ಕೊರತೆ ಇರುವುದು ಮಳೆಯ ಮೊತ್ತದಲ್ಲಲ್ಲ, ಅದು ಬೀಳುವ ಕಾಲದಲ್ಲಿ. ನೈರುತ್ಯ ಮುಂಗಾರು ನಡುನಾಡಿನ ಬೆಟ್ಟಗಳಿಗೆ (ಅಲ್ಲಿನ ಪಿದುರುತಲಾಗಲ ಶಿಖರದ ಎತ್ತರ 2524 ಮೀಟರ್) ಬಡಿದು ಅತ್ತಲೇ ಬರಿದಾಗುತ್ತದೆ. ಇತ್ತ ಬರುವುದು ಒಣಗಾಳಿ. ಒಣವಲಯದ ಮಳೆ ಹೆಚ್ಚಾಗಿ ಅಕ್ಟೋಬರಿನಿಂದ ಜನವರಿಯೊಳಗೆ ಸುರಿದು ಮುಗಿಯುತ್ತದೆ. ಕೆಳಗೆ ಗಟ್ಟಿ ಬಂಡೆ, ಅಂತರ್ಜಲಕ್ಕೆ ಜಾಗ ಕಡಿಮೆ. ಹಾಗಾಗಿ ಬೇಸಿಗೆಯಲ್ಲೂ ಅಲ್ಲಿ ಕಾಣುವ ಹಸಿರನ್ನು ನಿಸರ್ಗದ ಕೊಡುಗೆಯೆಂದು ಬಗೆದರೆ ತಪ್ಪಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಮನುಷ್ಯರು ಕಟ್ಟಿದ್ದು.

ಕಟ್ಟಿದವರು ಯಾರೆಂದರೆ ಪ್ರವಾಸಿ ಕೈಪಿಡಿಗಳು ರಾಜರನ್ನು ತೋರಿಸುತ್ತವೆ: ಧಾತುಸೇನನ ಕಲಾವೆವ, ಪರಾಕ್ರಮಬಾಹುವಿನ ಪರಾಕ್ರಮ ಸಮುದ್ರ ಎಂಬ ದೊಡ್ಡ ಕೆರೆಗಳು. ಭವ್ಯವೇನೋ ಹೌದು, ಆದರೆ ನಿಜವಾದ ಜಾಣ್ಮೆ ಇರುವುದು ಊರ ಕೆರೆಗಳ ಸರಣಿಯಲ್ಲಿ. ಸಿಂಹಳದಲ್ಲಿ ಅದು ‘ಎಲ್ಲಂಗಾವ’. ಮೇಲಿನ ಕೆರೆ ಕೋಡಿ ಬಿದ್ದ ನೀರು ಮಾತ್ರವಲ್ಲ, ಅದರ ಅಚ್ಚುಕಟ್ಟಿನ ಗದ್ದೆಗಳಿಂದ ಬಸಿದ ನೀರೂ ಕೆಳಗಿನ ಕೆರೆಗೆ ಸೇರಿ ಮತ್ತೆ ಬಳಕೆಯಾಗುತ್ತದೆ. ಕೆರೆಯ ಮೇಲ್ತುದಿಯಲ್ಲಿ ‘ಪೆರಹನ’ ಎಂಬ ಹುಲ್ಲುಪಟ್ಟಿ ಹೂಳನ್ನು ತಡೆಯುತ್ತದೆ. ‘ಗಸ್‌ಗೊಮ್ಮನ’ ಎಂಬ ಮರಗಳ ಸಾಲು ಗಾಳಿಯನ್ನು ತಡೆದು ನೀರು ಆವಿಯಾಗುವುದನ್ನು ತಗ್ಗಿಸುತ್ತದೆ. ಏರಿಯ ಆಚೆ ‘ಕಟ್ಟಕಡುವ’ದ ಗಿಡಮರಗಳು ಜಿನುಗುವ ನೀರಿನ ಉಪ್ಪು ಗದ್ದೆಗೆ ಹೋಗದಂತೆ ಹೀರುತ್ತವೆ. ದೊಡ್ಡ ಕೆರೆಗಳ ತೂಬಿನ ಬಳಿ ಕಲ್ಲು, ಇಟ್ಟಿಗೆ ಕಟ್ಟಿದ ಚೌಕಾಕಾರದ ಬಾವಿಯಿರುತ್ತದೆ, ಹೆಸರು ‘ಬಿಸೊಕೊಟುವ’. ಕೆರೆಯ ನೀರು ಮೊದಲು ಅದರೊಳಗೆ ಧುಮುಕಿ ರಭಸ ಕಳೆದುಕೊಂಡು, ಆಮೇಲೆ ಏರಿಯಡಿಯ ಕಾಲುವೆಗೆ ಹರಿಯುತ್ತದೆ. ಬ್ರಿಟಿಷ್ ನೀರಾವರಿ ಎಂಜಿನಿಯರ್ ಹೆನ್ರಿ ಪಾರ್ಕರ್ ಇದನ್ನು ಅಧ್ಯಯನ ಮಾಡಿ ಬೆರಗಾದವರಲ್ಲಿ ಒಬ್ಬರು.

ಎಂಜಿನಿಯರುಗಳದೊಂದು ಆಕ್ಷೇಪವಿದೆ: ಆಳವಿಲ್ಲದ ನೂರು ಕೆರೆಗಳಿಗಿಂತ ಆಳವಾದ ಒಂದು ಜಲಾಶಯ ಮೇಲು, ಆವಿಯಾಗುವ ನೀರು ಕಡಿಮೆ. ಲೆಕ್ಕ ಸರಿ. ಆದರೆ ಜಲಾಶಯದ ನೀರು ಕಾಲುವೆ ಮಟ್ಟಕ್ಕಿಂತ ಎತ್ತರದ ಊರಿಗೆ ತಾನಾಗಿ ಏರುವುದಿಲ್ಲ; ಅಲ್ಲಿನ ಬಾವಿಗಳಲ್ಲಿ ಒರತೆ ಹುಟ್ಟಿಸುವುದು ಆ ಊರಿನ ಕೆರೆಯೇ. ಹಾಗೆಂದು ಪುರಾತನರೆಲ್ಲ ಸರ್ವಜ್ಞರು ಎಂಬ ಭಜನೆಗೂ ಆಧಾರವಿಲ್ಲ. ಎರಡು ಮಳೆಗಾಲ ಕೈಕೊಟ್ಟರೆ ಪುಟ್ಟ ಕೆರೆ ಬತ್ತಲೇಬೇಕು. 13ನೇ ಶತಮಾನದ ನಂತರ ಈ ಸೀಮೆಯ ಬಹುಭಾಗವನ್ನು ಜನ ತೊರೆದರು, ಕಾಡು ಮರಳಿತು. ದಾಳಿಯೋ ಮಲೇರಿಯಾವೋ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ.

2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಕೆರೆಗಳ ಸರಣಿಯನ್ನು ಜಾಗತಿಕ ಕೃಷಿ ಪರಂಪರೆಯೆಂದು ಮಾನ್ಯ ಮಾಡಿತು. ಮಾನ್ಯತೆ ಒಳ್ಳೆಯದೇ. ಆದರೆ ಯಂತ್ರವಿಟ್ಟು ಹೂಳು ತೆಗೆಸಿ, ಪೆರಹನವನ್ನು ಉಳುಮೆಗೆ ಬಿಟ್ಟರೆ ಕೆರೆ ಮತ್ತೆ ತುಂಬುವುದು ಹೂಳಿನಿಂದಲೇ.