ಸೋತವರು ಹೊರಗೆ: ನಾಕ್ ಔಟ್ ಪಂದ್ಯಗಳ ಲೆಕ್ಕ ಮತ್ತು ನ್ಯಾಯ

ರೇಡಿಯೋದಲ್ಲಿ ಕ್ರೀಡಾವಾರ್ತೆಯನ್ನು ಕೇಳುವ ರೂಢಿ ನಿಮ್ಮ ಮನೆಯಲ್ಲಿ ಇರುವುದಾದರೆ, "ಪಂದ್ಯಾವಳಿಯು ಈಗ ನಾಕ್ ಔಟ್ ಘಟ್ಟವನ್ನು ಮುಟ್ಟಿದೆ" ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಆ ಮಾತು ಬಂದೊಡನೆ ಮನೆಯ ಹುಡುಗರು ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಹಿರಿಯರಾದರೋ, "ಹಾಗಾದರೆ ಇಷ್ಟು ದಿನ ಆಡಿದ್ದು ಆಟವಲ್ಲವೇ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನಗೆ ತಿಳಿದಷ್ಟು ಉತ್ತರವನ್ನು ನಿಮ್ಮ ಮುಂದೆ ಇಡುತ್ತೇನೆ.

'ನಾಕ್ ಔಟ್' ಎಂಬುದು ಮುಷ್ಟಿಯುದ್ಧದ ಅಖಾಡದಿಂದ ಬಂದ ಮಾತು. ಪೆಟ್ಟು ತಿಂದು ನೆಲಕ್ಕೆ ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ಅವನ ಪಾಲಿಗೆ ಕಾಳಗ ಮುಗಿಯಿತು. ಪಂದ್ಯಾವಳಿಗಳಲ್ಲಿಯೂ ಇದೇ ಅರ್ಥ: ಒಮ್ಮೆ ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ಇದಕ್ಕೆ ಎದುರಾದದ್ದು 'ಲೀಗ್' ಪದ್ಧತಿ. ಅಲ್ಲಿ ಗುಂಪಿನ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಆಡುತ್ತದೆ. ಇಂದು ಸೋತರೆ ನಾಳೆ ಗೆದ್ದು ಸರಿದೂಗಿಸಿಕೊಳ್ಳಬಹುದು. ಲೀಗ್ ಎಂಬುದು ವರ್ಷವಿಡೀ ನಡೆಯುವ ಕಿರುಪರೀಕ್ಷೆಗಳಂತೆ, ನಾಕ್ ಔಟ್ ಎಂಬುದು ಒಂದೇ ದಿನದ ದೊಡ್ಡ ಪರೀಕ್ಷೆಯಂತೆ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಬೇಗ ತಿಳಿದೀತು.

ಇತ್ತೀಚಿನ ದೊಡ್ಡ ಪಂದ್ಯಾವಳಿಗಳು ಹೆಚ್ಚಾಗಿ ಎರಡನ್ನೂ ಕೂಡಿಸಿಕೊಳ್ಳುತ್ತವೆ. ಆಫ್ರಿಕಾ ಖಂಡದ ಬ್ಯಾಸ್ಕೆಟ್‌ಬಾಲ್ ಕ್ಲಬ್ಬುಗಳಿಗಾಗಿ ೨೦೨೧ರಲ್ಲಿ ಆರಂಭವಾದ 'ಬ್ಯಾಸ್ಕೆಟ್‌ಬಾಲ್ ಆಫ್ರಿಕಾ ಲೀಗ್' ಎಂಬ ಪಂದ್ಯಾವಳಿಯನ್ನೇ ನೋಡಿ. ರುವಾಂಡಾ ದೇಶದ ಕಿಗಾಲಿ ನಗರದಲ್ಲಿ ಅದರ ಮೊದಲ ಕೂಟ ನಡೆಯಿತು. ಹನ್ನೆರಡು ಕ್ಲಬ್ಬುಗಳನ್ನು ನಾಲ್ಕು ನಾಲ್ಕರ ಮೂರು ಗುಂಪುಗಳಾಗಿ ಮಾಡಿದರು. ಗುಂಪಿನ ಆಟಗಳು ಮುಗಿದ ಮೇಲೆ ಎಂಟು ಕ್ಲಬ್ಬುಗಳು ಉಳಿದವು. ಅಲ್ಲಿಂದ ಮುಂದೆ ನಾಕ್ ಔಟ್: ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಎರಡು ಒಂದಾಯಿತು. ಟ್ಯುನೀಸಿಯಾ ದೇಶದ ಮೊನಾಸ್ಟಿರ್ ಕ್ಲಬ್ಬು ಅಂತಿಮ ಪಂದ್ಯದವರೆಗೆ ಒಂದನ್ನೂ ಸೋಲದೆ ಬಂದಿತ್ತು. ಅಂತಿಮ ಪಂದ್ಯದಲ್ಲಿ ಈಜಿಪ್ಟಿನ ಜಮಾಲೆಕ್ ಕ್ಲಬ್ಬು ಅದನ್ನು ೭೬–೬೩ರಿಂದ ಸೋಲಿಸಿತು. ಇಡೀ ಕೂಟದಲ್ಲಿ ಮೊನಾಸ್ಟಿರ್ ಸೋತದ್ದು ಒಂದೇ ಒಂದು ಪಂದ್ಯ. ಆದರೆ ಸೋಲಬಾರದ ಪಂದ್ಯವೇ ಅದಾಗಿತ್ತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಎಂಟು ತಂಡಗಳಿವೆ, ಒಬ್ಬ ವಿಜೇತನನ್ನು ಆರಿಸಲು ಎಷ್ಟು ನಾಕ್ ಔಟ್ ಪಂದ್ಯಗಳು ಬೇಕು? ಮೊದಲ ಸುತ್ತಿಗೆ ನಾಲ್ಕು, ಎರಡನೆಯದಕ್ಕೆ ಎರಡು, ಕೊನೆಗೆ ಒಂದು, ಒಟ್ಟು ಏಳು ಎಂದು ನೀವು ಕೂಡಿಸಬಹುದು. ಕೂಡಿಸುವ ಕಷ್ಟವೂ ಬೇಕಿಲ್ಲ. ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳುಹಿಸುತ್ತದೆ. ಒಂದೇ ತಂಡ ಉಳಿಯಬೇಕಾದರೆ ಏಳು ತಂಡಗಳು ಮನೆಗೆ ಹೋಗಬೇಕು. ಆದ್ದರಿಂದ ಏಳು ಪಂದ್ಯಗಳು. ನೂರು ತಂಡಗಳಿದ್ದರೆ ತೊಂಬತ್ತೊಂಬತ್ತು. ಅದೇ ಎಂಟು ತಂಡಗಳು ಲೀಗ್ ಪದ್ಧತಿಯಲ್ಲಿ ಒಬ್ಬರೊಡನೊಬ್ಬರು ಆಡಬೇಕಾದರೆ ೨೮ ಪಂದ್ಯಗಳಾಗುತ್ತವೆ. ಮೈದಾನದ ಬಾಡಿಗೆ, ತಂಡಗಳ ಊಟ ವಸತಿ, ತೀರ್ಪುಗಾರರ ಸಂಭಾವನೆ, ದಿನಗಳ ಖರ್ಚು ಎಲ್ಲವನ್ನೂ ಎಣಿಸಿದರೆ, ಕೂಟ ನಡೆಸುವವರಿಗೆ ನಾಕ್ ಔಟ್ ಏಕೆ ಪ್ರಿಯವಾದದ್ದು ಎಂದು ಹೇಳಬೇಕಾಗಿಲ್ಲ.

ಆದರೆ ಈ ಮಿತವ್ಯಯಕ್ಕೆ ಒಂದು ಬೆಲೆಯಿದೆ. ಒಂದು ತಂಡ ಬಹಳ ಬಲವಾದದ್ದು, ಯಾರೊಡನೆ ಆಡಿದರೂ ನಾಲ್ಕರಲ್ಲಿ ಮೂರು ಸಲ ಗೆಲ್ಲುವಂಥದು ಎಂದಿಟ್ಟುಕೊಳ್ಳಿ. ಅದು ಪ್ರಶಸ್ತಿ ಪಡೆಯಬೇಕಾದರೆ ಮೂರು ಪಂದ್ಯಗಳನ್ನು ಸತತವಾಗಿ ಗೆಲ್ಲಬೇಕು. ಹಿಂದಿನವರು ಮುಕ್ಕಾಲಿನ ಮಗ್ಗಿಯನ್ನು ಬಾಯಿಪಾಠ ಮಾಡಿದ್ದರು. ಅವರಂತೆ ಮುಕ್ಕಾಲನ್ನು ಮುಕ್ಕಾಲಿನಿಂದ, ಬಂದದ್ದನ್ನು ಮತ್ತೆ ಮುಕ್ಕಾಲಿನಿಂದ ಗುಣಿಸಿ. ಉತ್ತರ ೬೪ರಲ್ಲಿ ೨೭ ಪಾಲು, ಎಂದರೆ ನೂರಕ್ಕೆ ಸುಮಾರು ೪೨. ಅಷ್ಟು ಬಲಿಷ್ಠ ತಂಡ ಕೂಡ ಪ್ರಶಸ್ತಿ ಗೆಲ್ಲುವುದಕ್ಕಿಂತ ಗೆಲ್ಲದಿರುವ ಸಂಭವವೇ ಹೆಚ್ಚು! ನಾಕ್ ಔಟಿನಲ್ಲಿ ಗೆದ್ದವರು ಆ ದಿನಗಳಲ್ಲಿ ಸೋಲದೆ ಉಳಿದವರು. ಎಲ್ಲರಿಗಿಂತ ಉತ್ತಮರು ಎಂದು ಅಷ್ಟರಿಂದಲೇ ಹೇಳಲಾಗದು. ಈ ಎರಡು ಮಾತುಗಳ ನಡುವಿನ ಅಂತರವನ್ನು ಮರೆಯಬಾರದೆಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು.

ಈ ಅಂತರವನ್ನು ಕಡಿಮೆ ಮಾಡಲು ಕೂಟ ನಡೆಸುವವರು ಒಂದು ಉಪಾಯ ಮಾಡುತ್ತಾರೆ. ನಮ್ಮ ದಸರಾ ಕುಸ್ತಿಗೆ ಮೊದಲು ಪೈಲ್ವಾನರ 'ಜೋಡಿ ಕಟ್ಟುವ' ಪದ್ಧತಿ ಮೈಸೂರಿನವರಾದ ನಿಮಗೆ ಗೊತ್ತೇ ಇದೆ. ಅಲ್ಲಿ ಸಮಬಲರನ್ನು ನೋಡಿ ಜೋಡಿ ಮಾಡುತ್ತಾರೆ, ಏಕೆಂದರೆ ಆ ಒಂದು ಕುಸ್ತಿ ಸೊಗಸಾಗಬೇಕು. ನಾಕ್ ಔಟಿನ ಜೋಡಿ ಇದಕ್ಕೆ ತಿರುಗುಮುರುಗು. ಅಲ್ಲಿ ಬಲಿಷ್ಠರು ಮೊದಲ ಸುತ್ತಿನಲ್ಲಿಯೇ ಎದುರುಬದುರಾಗದಂತೆ ಅವರನ್ನು ದೂರದೂರ ಇರಿಸುತ್ತಾರೆ. ಒಂದು ಗುಂಪಿನ ಮೊದಲನೆಯವರಿಗೆ ಇನ್ನೊಂದು ಗುಂಪಿನ ಕೆಳಗಿನವರನ್ನು ಗಂಟು ಹಾಕುತ್ತಾರೆ. ಗುಂಪಿನಲ್ಲಿ ಚೆನ್ನಾಗಿ ಆಡಿದ್ದಕ್ಕೆ ಸಿಕ್ಕುವ ಫಲ ಇದು. "ಇಷ್ಟು ದಿನ ಆಡಿದ್ದು ಆಟವಲ್ಲವೇ?" ಎಂದು ಕೇಳಿದ ಹಿರಿಯರಿಗೆ ಇಲ್ಲಿಯೇ ಉತ್ತರವಿದೆ: ಅದೂ ಆಟವೇ, ಮುಂದಿನ ದಾರಿ ಸುಲಭವೋ ದುರ್ಗಮವೋ ಎಂಬುದನ್ನು ಗೊತ್ತುಮಾಡಿದ್ದು ಆ ಆಟವೇ.

ನಾಕ್ ಔಟಿಗೆ ಇನ್ನೊಂದು ನಿಯಮ ಅಗತ್ಯ. ಯಾರಾದರೊಬ್ಬರು ಮನೆಗೆ ಹೋಗಲೇಬೇಕಾದುದರಿಂದ ಸಮಸಮ ಎಂದು ಕೈಮುಗಿದು ಏಳುವಂತಿಲ್ಲ. ಈ ವಿಷಯದಲ್ಲಿ ಬ್ಯಾಸ್ಕೆಟ್‌ಬಾಲಿನ ಏರ್ಪಾಡು ಸರಳವಾದದ್ದು. ಆಟದ ಅವಧಿ ಹತ್ತು ಹತ್ತು ನಿಮಿಷದ ನಾಲ್ಕು ಭಾಗಗಳು. ನಲವತ್ತು ನಿಮಿಷ ಮುಗಿದಾಗ ಅಂಕಗಳು ಸಮವಾಗಿದ್ದರೆ ಇನ್ನೈದು ನಿಮಿಷ. ಆಗಲೂ ಸಮವಾದರೆ ಮತ್ತೈದು. ಹೀಗೆ ಒಬ್ಬರು ಮುಂದಾಗುವವರೆಗೆ. ೧೮೯೧ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಕಟ್ಟಿಸಿ ಆರಂಭಿಸಿದ ಆಟ ಇದು. ಬುಟ್ಟಿ ಹೋಗಿ ಬಲೆ ಬಂದರೂ ಆ ಹತ್ತು ಅಡಿ ಹಾಗೆಯೇ ಉಳಿದಿದೆ. ಬಲೆಗೆ ಬಿದ್ದ ಒಂದು ಚೆಂಡಿಗೆ ಎರಡು ಅಂಕ, ದೂರದ ಗೆರೆಯಾಚೆಯಿಂದ ಹಾಕಿದರೆ ಮೂರು.

ಒಂದು ಚೆಂಡಿನ ಬೆಲೆ ಎಷ್ಟೆಂಬುದನ್ನು ಕನ್ನಡನಾಡೇ ಕಂಡದ್ದುಂಟು. ೨೦೧೭ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಕೂಟ ನಡೆಯಿತು. ತಂಡಗಳು ಎ ಮತ್ತು ಬಿ ಎಂಬ ಎರಡು ದರ್ಜೆಗಳಲ್ಲಿದ್ದವು. ಭಾರತ ಬಿ ದರ್ಜೆಯಲ್ಲಿತ್ತು. ಆ ದರ್ಜೆಯಲ್ಲಿ ಗೆದ್ದವರಿಗೆ ಎ ದರ್ಜೆಗೆ ಬಡ್ತಿ. ಅಂತಿಮ ಪಂದ್ಯದಲ್ಲಿ ನಮ್ಮ ಹೆಣ್ಣುಮಕ್ಕಳು ಕಜಕಸ್ತಾನವನ್ನು ೭೫–೭೩ರಿಂದ ಗೆದ್ದರು. ಅದೇ ಕೂಟದ ಎ ದರ್ಜೆಯ ಅಂತಿಮ ಪಂದ್ಯದಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು ೭೪–೭೩ರಿಂದ ಗೆದ್ದಿತು. ಒಂದು ಕಡೆ ಎರಡು ಅಂಕ, ಇನ್ನೊಂದು ಕಡೆ ಒಂದೇ ಅಂಕ. ಒಂದೊಂದು ಚೆಂಡು ಬಲೆಯ ಅಂಚನ್ನು ತಾಗಿ ಹೊರಗೆ ಬಿದ್ದಿದ್ದರೆ ಚರಿತ್ರೆಯ ಪುಟದಲ್ಲಿ ಬೇರೆ ಹೆಸರುಗಳಿರುತ್ತಿದ್ದವು.

ಬ್ಯಾಸ್ಕೆಟ್‌ಬಾಲಿಗೆ ಐದು ನಿಮಿಷ ಹೆಚ್ಚಿಗೆ ಕೊಟ್ಟರೆ ಸಾಕು. ದಿನಗಟ್ಟಲೆ ಆಡುವ ಕ್ರಿಕೆಟ್ಟಿಗೆ ಏನು ಮಾಡಬೇಕು? ನಮ್ಮ ರಣಜಿ ಟ್ರೋಫಿ ೧೯೩೪–೩೫ರಲ್ಲಿ ಆರಂಭವಾದಾಗ ಪೂರ್ತಿ ನಾಕ್ ಔಟ್ ಪದ್ಧತಿಯಲ್ಲಿಯೇ ಇತ್ತು. ೧೯೫೭–೫೮ರಿಂದ ವಲಯಗಳೊಳಗೆ ಲೀಗ್ ಪದ್ಧತಿ ಬಂದಿತು. ನಾಕ್ ಔಟ್ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸಿನಲ್ಲಿ ಮುನ್ನಡೆ ಪಡೆದವರೇ ಗೆದ್ದಂತೆ. ಈ ನಿಯಮದ ಬಲದಿಂದಲೇ ೧೯೭೪ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ ತಂಡ ಮುಂಬಯಿಯನ್ನು ಹೊರಗಟ್ಟಿತು. ಸತತ ಹದಿನೈದು ವರ್ಷ ಟ್ರೋಫಿಯನ್ನು ಬಿಟ್ಟುಕೊಡದಿದ್ದ ತಂಡ ಅದು! ಕರ್ನಾಟಕ ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿಯನ್ನು ಮನೆಗೆ ತಂದಿತು.

ಆದರೆ ಅದೇ ನಿಯಮ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದೂ ಉಂಟು. ಅದೂ ನಮ್ಮ ಮನೆಯಂಗಳದಲ್ಲಿಯೇ. ಸರಸ್ವತಿಪುರಂನಿಂದ ಕುಕ್ಕರಹಳ್ಳಿ ಕೆರೆಯ ಆಚೆಗೆ ಮಾನಸಗಂಗೋತ್ರಿಯ ಕಡೆ ಹೋದರೆ ಗಂಗೋತ್ರಿ ಗ್ಲೇಡ್ಸ್ ಎಂಬ ಮೈದಾನವಿದೆ. ೨೦೧೦ರ ಜನವರಿಯಲ್ಲಿ ರಣಜಿ ಅಂತಿಮ ಪಂದ್ಯ ಅಲ್ಲಿ ನಡೆಯಿತು: ಕರ್ನಾಟಕ, ಮುಂಬಯಿ. ಮುಂಬಯಿ ಮೊದಲು ೨೩೩ ರನ್ ಮಾಡಿತು. ಆವಿಷ್ಕಾರ್ ಸಾಲ್ವಿ ಅವರ ಬೌಲಿಂಗಿಗೆ ಸಿಕ್ಕಿ ಕರ್ನಾಟಕ ೧೩೦ಕ್ಕೆ ಉರುಳಿತು. ಈಗ ನಿಯಮವನ್ನು ನೆನೆಯಿರಿ: ಮುನ್ನಡೆ ಮುಂಬಯಿಯದು, ಪಂದ್ಯ ಡ್ರಾ ಆದರೂ ಟ್ರೋಫಿ ಅವರದೇ. ಕರ್ನಾಟಕಕ್ಕೆ ವಿಕೆಟ್ ಕಾಪಾಡಿಕೊಂಡು ಕಾಲ ಕಳೆಯುವ ದಾರಿಯೇ ಇರಲಿಲ್ಲ. ಗೆದ್ದರೆ ಮಾತ್ರ ಉಳಿವು. ಎರಡನೆಯ ಇನ್ನಿಂಗ್ಸಿನಲ್ಲಿ ಮುಂಬಯಿ ೨೩೪ ಮಾಡಿದ ಮೇಲೆ ಗೆಲ್ಲಲು ೩೩೮ ಬೇಕಾಯಿತು.

ಮನೀಶ್ ಪಾಂಡೆ ೧೪೪ ರನ್ ಹೊಡೆದರು. ಅವರಿಗೆ ಜೊತೆಗೊಟ್ಟ ಗಣೇಶ್ ಸತೀಶ್ ೭೫ ಮಾಡಿದರು. ಮೂರನೆಯ ವಿಕೆಟ್ಟಿಗೆ ಇಬ್ಬರೂ ಸೇರಿ ೨೦೯ ರನ್ ಕೂಡಿಸಿದಾಗ ಟ್ರೋಫಿ ಮೈಸೂರಿನಲ್ಲಿಯೇ ಉಳಿಯಿತೆಂದು ನಂಬದವರು ಯಾರು? ಆಮೇಲೆ ಅಜಿತ್ ಅಗರ್ಕರ್ ಮೊದಲಾದವರ ಬೌಲಿಂಗಿನ ಮುಂದೆ ವಿಕೆಟ್ಟುಗಳು ಒಂದರ ಹಿಂದೆ ಒಂದು ಬಿದ್ದು ಕರ್ನಾಟಕ ೩೩೧ಕ್ಕೆ ನಿಂತಿತು. ಸೋಲು ಆರು ರನ್ನುಗಳಿಂದ. ನಾಲ್ಕು ದಿನಗಳಲ್ಲಿ ಎರಡೂ ತಂಡಗಳು ಸೇರಿ ಮಾಡಿದ ರನ್ನುಗಳು ೯೨೮; ಅವುಗಳಲ್ಲಿ ಆರು ರನ್ ಟ್ರೋಫಿಯನ್ನು ಮುಂಬಯಿಗೆ ಒಯ್ದುವು.

ಇಲ್ಲಿ ನೀವು ಕೇಳಬಹುದು: ಇದು ನ್ಯಾಯವೇ? ನಿಯಮವನ್ನು ಎರಡೂ ತಂಡಗಳು ಮೊದಲೇ ಒಪ್ಪಿ ಆಡಿದವು, ಆದ್ದರಿಂದ ನ್ಯಾಯವೇ. ಆದರೆ ಆರು ರನ್ನಿನಷ್ಟೇ ಅಂತರವಿದ್ದ ಎರಡು ತಂಡಗಳಲ್ಲಿ ಒಂದನ್ನು ಶ್ರೇಷ್ಠ, ಇನ್ನೊಂದನ್ನು ಕನಿಷ್ಠ ಎಂದು ನಾವು ತೀರ್ಮಾನಿಸಿದರೆ ಅದು ಅನ್ಯಾಯ. ತೀರ್ಪು ಆ ಪಂದ್ಯಕ್ಕೆ ಕೊಟ್ಟದ್ದು, ಆಟಗಾರರ ಜೀವಮಾನಕ್ಕಲ್ಲ. ಮುಂದೆ ನಡೆದದ್ದೇ ಇದಕ್ಕೆ ಸಾಕ್ಷಿ. ೨೦೧೩–೧೪ರಲ್ಲಿ ಕರ್ನಾಟಕ ರಣಜಿ ಟ್ರೋಫಿಯನ್ನು ಗೆದ್ದಿತು. ಮರುವರ್ಷ ಬೆಂಗಳೂರಿನ ಸೆಮಿಫೈನಲಿನಲ್ಲಿ ಅದೇ ಮುಂಬಯಿ ತಂಡ ಮೊದಲ ಇನ್ನಿಂಗ್ಸಿನಲ್ಲಿ ೪೪ಕ್ಕೆ ಕುಸಿಯಿತು. ಕರ್ನಾಟಕ ೧೧೨ ರನ್ನುಗಳಿಂದ ಗೆದ್ದು, ಮುಂದೆ ಟ್ರೋಫಿಯನ್ನೂ ಉಳಿಸಿಕೊಂಡಿತು. ಆಫ್ರಿಕಾದಲ್ಲಿಯೂ ಹಾಗೆಯೇ. ಮೊದಲ ಕೂಟದ ಕೊನೆಯಲ್ಲಿ ಎಡವಿದ್ದ ಮೊನಾಸ್ಟಿರ್ ೨೦೨೨ರಲ್ಲಿ ಅಂಗೋಲಾದ ಪೆಟ್ರೋ ಕ್ಲಬ್ಬನ್ನು ೮೩–೭೨ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಅಂದು ಸೋತ ಪೆಟ್ರೋ ೨೦೨೪ರಲ್ಲಿ ತಾನೇ ಗೆದ್ದಿತು.

ದೊಡ್ಡವರ ಮಾತು ಹಾಗಿರಲಿ. ನಾಕ್ ಔಟಿನ ಬಿಸಿ ಹೆಚ್ಚು ತಟ್ಟುವುದು ನಮ್ಮ ಶಾಲೆಯ ಮಕ್ಕಳಿಗೆ. ತಾಲ್ಲೂಕು ಮಟ್ಟದ ಆಟಗಳು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮುಗಿಯಬೇಕಾದುವು. ಹಾಗಾಗಿ ನಾಕ್ ಔಟ್ ಬಿಟ್ಟು ಬೇರೆ ದಾರಿಯಿಲ್ಲ. ಬೆಳಗಿನ ಬಸ್ಸಿಗೆ ಹೊರಟು, ಹತ್ತು ಗಂಟೆಗೆ ಒಂದು ಪಂದ್ಯ ಸೋತು, ಕಟ್ಟಿಕೊಂಡು ಹೋದ ಬುತ್ತಿಯನ್ನು ಬಿಚ್ಚುವ ಮೊದಲೇ ಹಿಂದಿರುಗುವ ತಂಡಗಳು ಎಷ್ಟೋ. ಹದಿನಾರು ಶಾಲೆಗಳು ಬಂದರೆ ಎಂಟು ಶಾಲೆಗಳ ಮಕ್ಕಳಿಗೆ ವರ್ಷದ ಅಭ್ಯಾಸಕ್ಕೆ ಸಿಕ್ಕುವುದು ಒಂದೇ ಪಂದ್ಯ. ಕೂಟ ನಡೆಸುವವರು ಮನಸ್ಸು ಮಾಡಿದರೆ ಇದಕ್ಕೆ ಪರಿಹಾರವಿದೆ: ಮೊದಲ ಸುತ್ತಿನಲ್ಲಿ ಸೋತ ತಂಡಗಳಿಗೆ ಪಕ್ಕದ ಅಂಗಳದಲ್ಲಿ ಇನ್ನೊಂದು ಪಂದ್ಯವನ್ನಾದರೂ ಏರ್ಪಡಿಸುವುದು. ಖರ್ಚು ಹೆಚ್ಚಲ್ಲ, ಮಕ್ಕಳಿಗೆ ಮಾತ್ರ ಅದು ಬಹಳ. ಕೂಟ ನಡೆಸುವವರಲ್ಲದ ನಮ್ಮ ಕೈಯಲ್ಲಿಯೂ ಒಂದು ಕೆಲಸವಿದೆ. ಸೋತು ಮನೆಗೆ ಬಂದ ಹುಡುಗನನ್ನು "ಏನಾಯಿತು, ಮೊದಲ ಸುತ್ತಿನಲ್ಲಿಯೇ ಮುಗಿಯಿತೇ?" ಎಂದು ಕೇಳುವುದಕ್ಕೆ ಬದಲು "ಹೇಗೆ ಆಡಿದೆ?" ಎಂದು ಕೇಳುವುದು.

ಇನ್ನು ಮುಂದೆ ನಾಕ್ ಔಟ್ ಪಂದ್ಯದ ವೀಕ್ಷಕ ವಿವರಣೆಯನ್ನು ಕೇಳುವಾಗ ಎರಡು ಸಂಗತಿಗಳನ್ನು ಗಮನಿಸಿ. ಕ್ರಿಕೆಟ್ಟಾದರೆ ಮೊದಲ ಇನ್ನಿಂಗ್ಸಿನ ಮುನ್ನಡೆ ಯಾರದೆಂಬುದನ್ನು ಗುರುತುಮಾಡಿಕೊಳ್ಳಿ. ಆಮೇಲಿನ ಆಟದ ಧೋರಣೆಯೆಲ್ಲ ಅದರ ಮೇಲೆ ನಿಂತಿರುತ್ತದೆ. ಬ್ಯಾಸ್ಕೆಟ್‌ಬಾಲಾದರೆ ಕೊನೆಯ ಎರಡು ನಿಮಿಷಗಳಿಗೆ ಕಿವಿಗೊಡಿ. ಆಗ ಚೆಂಡು ಬಲೆಗೆ ಬಿದ್ದಾಗಲೆಲ್ಲ ಗಡಿಯಾರವನ್ನು ನಿಲ್ಲಿಸುತ್ತಾರೆ. ಚೆಂಡು ಕೈಗೆ ಬಂದ ತಂಡ ೨೪ ಸೆಕೆಂಡುಗಳೊಳಗೆ ಬಲೆಯತ್ತ ಎಸೆಯಲೇಬೇಕು. ಆದ್ದರಿಂದ ಎರಡು ನಿಮಿಷವೆಂದದ್ದು ಹತ್ತು ನಿಮಿಷವಾದರೂ ಆಶ್ಚರ್ಯವಿಲ್ಲ, ಅಷ್ಟರಲ್ಲಿ ಐದಾರು ಅಂಕಗಳ ಮುನ್ನಡೆ ಕರಗಿಹೋದರೂ ಆಶ್ಚರ್ಯವಿಲ್ಲ. ಆಟ ಮುಗಿದ ಮೇಲೆ ಗೆದ್ದವರ ಹೆಸರನ್ನು ಕೇಳಿದೊಡನೆ ಪೆಟ್ಟಿಗೆಯನ್ನು ಆರಿಸಬೇಡಿ. ಸೋತವರು ಎಷ್ಟು ಅಂಕಗಳಿಂದ ಸೋತರೆಂಬುದನ್ನೂ ಕೇಳಿ. ಮರುವರ್ಷದ ವಾರ್ತೆ ಅನೇಕ ವೇಳೆ ಆ ಅಂಕಿಯಲ್ಲಿಯೇ ಇರುತ್ತದೆ.